42ನೇ ದಿನದ ನಂತರ: ಕಠಿಣ ಹೆರಿಗೆಯಾದ ತಾಯಂದಿರ ಕರುಳಿನ ತೊಂದರೆ ಮತ್ತು ಗ್ರಾಮ ಪಂಚಾಯಿತಿಯ ಹೊಣೆ

(ಕಡೂರು, ತರೀಕೆರೆ ಹಾಗೂ ಅಜ್ಜಂಪುರ ತಾಲ್ಲೂಕುಗಳ ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿಯಲ್ಲಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯೊಬ್ಬರು ನೀಡಿದ ಉಪನ್ಯಾಸದ ಪಠ್ಯ)



ನಮ್ಮ ಸಭೆಗಳಲ್ಲಿ ಹೆರಿಗೆಯ ವಿಷಯ ಬಂದಾಗ ಸಾಮಾನ್ಯವಾಗಿ ಮೂರು ಪ್ರಶ್ನೆಗಳನ್ನು ಕೇಳುತ್ತೇವೆ. ಹೆರಿಗೆ ಆಸ್ಪತ್ರೆಯಲ್ಲಿ ಆಯಿತೇ? ತಾಯಿ ಮಗು ಕ್ಷೇಮವೇ? ಸಹಾಯಧನ ಖಾತೆಗೆ ಜಮೆಯಾಯಿತೇ? ಮೂರಕ್ಕೂ ಹೌದು ಎಂಬ ಉತ್ತರ ಬಂದರೆ ವಿಷಯ ಅಲ್ಲಿಗೆ ಮುಕ್ತಾಯವಾಗುತ್ತದೆ. ಈ ಪ್ರಶ್ನೆಗಳು ಅಗತ್ಯವಾದವು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಶೇ. 97ರಷ್ಟು ಹೆರಿಗೆಗಳು ಆಸ್ಪತ್ರೆಗಳಲ್ಲಿ ನಡೆದಿವೆ. ಇದು ಆಶಾ ಕಾರ್ಯಕರ್ತೆಯರು, ಆರೋಗ್ಯ ಸಿಬ್ಬಂದಿ ಮತ್ತು ಪಂಚಾಯಿತಿಗಳು ಒಟ್ಟಾಗಿ ಗಳಿಸಿದ ಸಾಧನೆ. ಆದರೆ ಈ ಮೂರು ಪ್ರಶ್ನೆಗಳ ಆಚೆಗೆ ನಾಲ್ಕನೆಯದೊಂದು ಪ್ರಶ್ನೆ ಇದೆ. ಅದನ್ನು ಕೇಳಲು ಎಲ್ಲರೂ ಸಂಕೋಚಪಡುತ್ತೇವೆ. ಹೆರಿಗೆಯಾದ ಮೇಲೆ ಆ ತಾಯಿಗೆ ಮಲವಿಸರ್ಜನೆ ಸರಿಯಾಗಿ ಆಗುತ್ತಿದೆಯೇ ಎಂಬುದೇ ಆ ಪ್ರಶ್ನೆ.

ಸಾರ್ವಜನಿಕ ಸಭೆಯಲ್ಲಿ ಈ ಮಾತು ಕೇಳಲು ಮುಜುಗರವೆನಿಸಬಹುದು. ಆ ಮುಜುಗರದ ಕಾರಣದಿಂದಲೇ ಎಷ್ಟೋ ತಾಯಂದಿರು ವರ್ಷಗಟ್ಟಲೆ ಚಿಕಿತ್ಸೆಯಿಲ್ಲದೆ ನರಳುತ್ತಾರೆ. ಎಂಜಿನಿಯರಿಂಗ್ ಓದಿ ಈ ಹುದ್ದೆಗೆ ಬಂದ ನನಗೆ ವೈದ್ಯಕೀಯ ಸಲಹೆ ನೀಡುವ ಅಧಿಕಾರವಿಲ್ಲ. ಆದರೆ ಒಂದು ರಸ್ತೆ ಕಾಮಗಾರಿ ಮುಗಿದ ಮೇಲೂ ಅದಕ್ಕೆ ದೋಷ ಹೊಣೆಗಾರಿಕೆಯ ಅವಧಿಯೊಂದು ಇರುತ್ತದೆ ಎಂಬುದು ನಮಗೆಲ್ಲ ತಿಳಿದಿದೆ. ಆ ಅವಧಿಯಲ್ಲಿ ಬಿರುಕು ಬಿಟ್ಟರೆ ಕೇಳುವವರಿದ್ದಾರೆ. ಹೆರಿಗೆಯ ಕಡತ ಮಾತ್ರ ತಾಯಿಯ ಮಟ್ಟಿಗೆ 42ನೇ ದಿನಕ್ಕೆ ಮುಚ್ಚಿಹೋಗುತ್ತದೆ. ಅನಂತರ ಕಾಣಿಸಿಕೊಳ್ಳುವ ದೋಷವನ್ನು ಯಾರು ಕೇಳಬೇಕು ಎಂಬುದನ್ನೇ ಇಂದು ಚರ್ಚಿಸಲು ಬಯಸುತ್ತೇನೆ.

ತೊಂದರೆ ಎಲ್ಲಿಂದ ಬರುತ್ತದೆ

ಮಲದ್ವಾರವನ್ನು ಮುಚ್ಚಿ ಹಿಡಿಯುವ ಸ್ನಾಯುಗಳು ಎರಡು ಉಂಗುರಗಳಂತೆ ಇವೆ. ಒಳಗಿನ ಉಂಗುರ ತಾನಾಗಿಯೇ ಬಿಗಿಯಾಗಿರುತ್ತದೆ. ಹೊರಗಿನ ಉಂಗುರವನ್ನು ನಾವು ಇಚ್ಛೆಯಿಂದ ಬಿಗಿಹಿಡಿಯುತ್ತೇವೆ. ಮಗು ಹೊರಬರುವ ದಾರಿಗೂ ಈ ಉಂಗುರಗಳಿಗೂ ಇರುವ ಅಂತರ ಬಹಳ ಕಡಿಮೆ. ಚೊಚ್ಚಲ ಹೆರಿಗೆ, ದೊಡ್ಡ ಮಗು, ದೀರ್ಘಕಾಲ ಎಳೆದ ನೋವು, ಇಕ್ಕಳ ಅಥವಾ ವ್ಯಾಕ್ಯೂಮ್ ಬಳಸಿ ಮಾಡಿಸಿದ ಹೆರಿಗೆ, ಇಂತಹ ಸಂದರ್ಭಗಳಲ್ಲಿ ಆ ಭಾಗ ಹರಿಯುವ ಸಂಭವ ಹೆಚ್ಚು. ವೈದ್ಯರು ಹರಿತವನ್ನು ನಾಲ್ಕು ಹಂತಗಳಲ್ಲಿ ಗುರುತಿಸುತ್ತಾರೆ. ಮೊದಲ ಎರಡು ಹಂತಗಳು ಚರ್ಮ ಮತ್ತು ಮೇಲಿನ ಸ್ನಾಯುಗಳಿಗೆ ಸೀಮಿತ. ಮೂರನೆಯ ಹಂತದಲ್ಲಿ ಮಲದ್ವಾರದ ಸ್ನಾಯು ಹರಿಯುತ್ತದೆ. ನಾಲ್ಕನೆಯದರಲ್ಲಿ ಹರಿತವು ಮಲದ್ವಾರದ ಒಳಪದರದವರೆಗೂ ತಲುಪುತ್ತದೆ.

ಹೆರಿಗೆಯ ಹೊತ್ತಿನಲ್ಲಿಯೇ ಇದನ್ನು ಗುರುತಿಸಿ, ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ ಅನುಭವಿ ವೈದ್ಯರು ಹೊಲಿಗೆ ಹಾಕಿದರೆ, ಒಂದು ವರ್ಷದ ಹೊತ್ತಿಗೆ ನೂರರಲ್ಲಿ 60ರಿಂದ 80 ಮಹಿಳೆಯರಿಗೆ ಯಾವ ತೊಂದರೆಯೂ ಉಳಿಯುವುದಿಲ್ಲ ಎಂದು ಬ್ರಿಟನ್ನಿನ ಪ್ರಸೂತಿ ತಜ್ಞರ ರಾಯಲ್ ಕಾಲೇಜಿನ ಮಾರ್ಗಸೂಚಿ ಹೇಳುತ್ತದೆ. ಗುರುತಿಸದೆ ಉಳಿದರೆ ಗಾಳಿಯನ್ನೂ ಮಲವನ್ನೂ ತಡೆಹಿಡಿಯುವ ಶಕ್ತಿ ಕುಂದುತ್ತದೆ. ಕೆಲವರಿಗೆ ಇದು ಕೂಡಲೇ ಕಾಣಿಸುತ್ತದೆ. ಇನ್ನು ಕೆಲವರಿಗೆ ಹರೆಯದಲ್ಲಿ ಹೇಗೋ ನಿಭಾಯಿಸಿಕೊಂಡು ಹೋಗಿ, ಮುಟ್ಟು ನಿಲ್ಲುವ ವಯಸ್ಸಿನಲ್ಲಿ ತೀವ್ರವಾಗುತ್ತದೆ. ಹೆರಿಗೆ ಬಹುಕಾಲ ಅಡ್ಡಿಯಾಗಿ ನಿಂತಾಗ, ಅಥವಾ ಆಳವಾದ ಹರಿತ ಸರಿಯಾಗಿ ಕೂಡಿಕೊಳ್ಳದಿದ್ದಾಗ, ಯೋನಿಗೂ ಮಲಾಶಯಕ್ಕೂ ನಡುವೆ ರಂಧ್ರ ಉಂಟಾಗುವುದುಂಟು. ಇದನ್ನು ಫಿಸ್ಟುಲಾ ಎನ್ನುತ್ತಾರೆ. ಆಗ ಮಲ ಯೋನಿಮಾರ್ಗದಲ್ಲಿ ಸೋರುತ್ತದೆ. ಇದಕ್ಕೆ ಶಸ್ತ್ರಚಿಕಿತ್ಸೆ ಇದೆ. ಇಥಿಯೋಪಿಯಾದ ಅಡಿಸ್ ಅಬಾಬಾದಲ್ಲಿ ಈ ಒಂದೇ ತೊಂದರೆಗಾಗಿ 1974ರಲ್ಲಿ ಆಸ್ಪತ್ರೆಯೊಂದು ಆರಂಭವಾಯಿತು. ಪ್ರತಿ ವರ್ಷ ಮೇ 23ನ್ನು ವಿಶ್ವಸಂಸ್ಥೆ ಹೆರಿಗೆಯ ಫಿಸ್ಟುಲಾ ನಿರ್ಮೂಲನಾ ದಿನವಾಗಿ ಆಚರಿಸುತ್ತದೆ.

ಎರಡನೆಯ ಬಗೆಯ ತೊಂದರೆ ಮಲಬದ್ಧತೆ. ಹೊಲಿಗೆಯ ನೋವಿಗೆ ಹೆದರಿ ತಾಯಿ ಮಲವನ್ನು ತಡೆಹಿಡಿಯುತ್ತಾಳೆ, ತಡೆದಷ್ಟೂ ಅದು ಗಟ್ಟಿಯಾಗುತ್ತದೆ. ಅನಂತರ ತಿಣುಕಿದಾಗ ಮಲದ್ವಾರದಲ್ಲಿ ಸೀಳು ಬೀಳುತ್ತದೆ, ಮೂಲವ್ಯಾಧಿ ಉಲ್ಬಣಿಸುತ್ತದೆ. ರಕ್ತಹೀನತೆಗೆ ಕೊಡುವ ಕಬ್ಬಿಣಾಂಶದ ಮಾತ್ರೆಯಿಂದಲೂ ಕೆಲವರಿಗೆ ಮಲ ಗಟ್ಟಿಯಾಗುತ್ತದೆ, ಕಪ್ಪಾಗುತ್ತದೆ. ಹಾಗೆಂದು ಮಾತ್ರೆಯನ್ನು ತಾವಾಗಿ ನಿಲ್ಲಿಸಬಾರದು. ಹೆರಿಗೆಯ ನಂತರ 180 ದಿನ ಅದನ್ನು ಸೇವಿಸಬೇಕೆಂಬ ನಿಯಮವಿದೆ. ತೊಂದರೆಯನ್ನು ಆರೋಗ್ಯ ಸಿಬ್ಬಂದಿಗೆ ತಿಳಿಸಿದರೆ ಮಲ ಮೃದುವಾಗಿಸುವ ಔಷಧವನ್ನು ಜೊತೆಗೆ ಕೊಡುತ್ತಾರೆ.

ಮೂರನೆಯದು ಸಿಸೇರಿಯನ್ ನಂತರದ ಹೊಟ್ಟೆಯ ತೊಂದರೆ. ಅದೇ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಶೇ. 31.5ರಷ್ಟು ಹೆರಿಗೆಗಳು ಸಿಸೇರಿಯನ್ ಮೂಲಕ ಆಗುತ್ತಿವೆ. ಶಸ್ತ್ರಚಿಕಿತ್ಸೆಯ ನಂತರ ಕೆಲವು ದಿನ ಕರುಳಿನ ಚಲನೆ ನಿಧಾನವಾಗುವುದು ಸಹಜ. ಆದರೆ ಕೆಲವರಲ್ಲಿ ಒಳಗಿನ ಗಾಯ ಮಾಯುವಾಗ ಕರುಳು ಅಕ್ಕಪಕ್ಕದ ಅಂಗಗಳಿಗೆ ಅಂಟಿಕೊಂಡು, ತಿಂಗಳುಗಳ ಅಥವಾ ವರ್ಷಗಳ ನಂತರ ನೋವು ಕೊಡಬಹುದು, ಅಪರೂಪಕ್ಕೆ ಕರುಳೇ ಕಟ್ಟಿಕೊಳ್ಳಬಹುದು. ಹೊಟ್ಟೆ ಉಬ್ಬರಿಸಿ, ಹಿಂಡಿದಂತಹ ನೋವು ಬಂದು, ಮತ್ತೆ ಮತ್ತೆ ವಾಂತಿಯಾಗಿ, ಗಾಳಿಯೂ ಮಲವೂ ಹೋಗದೆ ನಿಂತರೆ ಅದು ತುರ್ತು ಪರಿಸ್ಥಿತಿ. ಕಷಾಯ ಕುಡಿಸುತ್ತಾ ಬೆಳಗಾಗಲೆಂದು ಕಾಯದೆ 108ಕ್ಕೆ ಕರೆ ಮಾಡಬೇಕು.

ಎಷ್ಟು ಮಂದಿ, ಏಕೆ ಮೌನ

2023ರ ಡಿಸೆಂಬರ್‌ನಲ್ಲಿ ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಜಗತ್ತಿನಲ್ಲಿ ಪ್ರತಿ ವರ್ಷ ಕನಿಷ್ಠ 4 ಕೋಟಿ ಮಹಿಳೆಯರು ಹೆರಿಗೆಯಿಂದ ಉಂಟಾದ ದೀರ್ಘಕಾಲದ ತೊಂದರೆಗೆ ಒಳಗಾಗುತ್ತಾರೆ. ಗಾಳಿ ಅಥವಾ ಮಲ ತಡೆಯಲಾಗದ ತೊಂದರೆಯ ಪ್ರಮಾಣವನ್ನು ಅದು ಶೇ. 19 ಎಂದು ಅಂದಾಜಿಸಿದೆ. ಅಲ್ಲಿ ಬಳಸಿದ ಮಾಹಿತಿಯ ಬಹುಪಾಲು ಶ್ರೀಮಂತ ದೇಶಗಳದ್ದು. ನಮ್ಮಂತಹ ಊರುಗಳ ತಾಯಂದಿರನ್ನು ಈ ಬಗ್ಗೆ ಕೇಳಿದವರೇ ಕಡಿಮೆ.

ಕೇಳಿದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ನೆರೆಯ ಮಹಾರಾಷ್ಟ್ರದಲ್ಲಿ ಉದಾಹರಣೆಯಿದೆ. ಗಡಚಿರೋಲಿ ಜಿಲ್ಲೆಯ ಎರಡು ಹಳ್ಳಿಗಳಲ್ಲಿ ಡಾ. ರಾಣಿ ಬಂಗ್ ಮತ್ತು ಅವರ ಸಹೋದ್ಯೋಗಿಗಳು 650 ಮಹಿಳೆಯರನ್ನು ಪರೀಕ್ಷಿಸಿ 1989ರಲ್ಲಿ ವರದಿ ಪ್ರಕಟಿಸಿದರು. ಅವರಲ್ಲಿ ಶೇ. 92ರಷ್ಟು ಮಂದಿಗೆ ಒಂದಲ್ಲ ಒಂದು ಸ್ತ್ರೀರೋಗವಿತ್ತು. ಅದಕ್ಕೆ ಮುಂಚೆ ವೈದ್ಯರಿಂದ ಸ್ತ್ರೀರೋಗ ಪರೀಕ್ಷೆ ಮಾಡಿಸಿಕೊಂಡಿದ್ದವರು ಶೇ. 8 ಮಾತ್ರ. ಆ ಅಧ್ಯಯನ ಕರುಳಿನ ತೊಂದರೆಯದ್ದಲ್ಲ. ಆದರೂ ಅದರ ಪಾಠ ನಮಗೂ ಅನ್ವಯಿಸುತ್ತದೆ. ದೂರು ಬಂದಿಲ್ಲವೆಂದ ಮಾತ್ರಕ್ಕೆ ನೋವು ಇಲ್ಲವೆಂದು ಅರ್ಥವಲ್ಲ.

ನಮ್ಮ ಕಡೆಯ ಬದುಕಿನಲ್ಲಿ ಈ ಮೌನ ಹೇಗಿರುತ್ತದೆ ಎಂದು ಯೋಚಿಸೋಣ. ಮಲ ತಡೆಯಲಾಗದ ತಾಯಿ ಯಗಟಿಯಿಂದಲೋ ಶಿವನಿಯಿಂದಲೋ ಬಸ್ ಹತ್ತಲು ಹಿಂಜರಿಯುತ್ತಾಳೆ. ಸ್ವಸಹಾಯ ಸಂಘದ ಸಭೆಗೆ ಹೋಗುವುದನ್ನು ಬಿಡುತ್ತಾಳೆ. ಮದುವೆ, ಜಾತ್ರೆ, ದೇವಸ್ಥಾನಗಳಿಂದ ದೂರ ಉಳಿಯುತ್ತಾಳೆ. ಈರುಳ್ಳಿ ಕೀಳುವ ಹೊಲದಲ್ಲಿ ಮರೆಯಿಲ್ಲ, ನೀರಿಲ್ಲ. ಲಿಂಗದಹಳ್ಳಿ, ಲಕ್ಕವಳ್ಳಿ ಕಡೆಯಲ್ಲಿ ಅಡಿಕೆ ಸುಲಿಯುವ ಕಾಲ ಬಂದರೆ ತಡರಾತ್ರಿಯವರೆಗೂ ಕುಳಿತೇ ಇರಬೇಕು, ನಡುವೆ ಮತ್ತೆ ಮತ್ತೆ ಎದ್ದು ಹೋದರೆ ಜೊತೆಯವರು ಆಡಿಕೊಳ್ಳುತ್ತಾರೆಂಬ ಅಳುಕು. ಹೀಗೆ ಕೂಲಿ ಕೈತಪ್ಪುತ್ತದೆ. ಮನೆಯವರು ಸೋಮಾರಿತನ ಎನ್ನುತ್ತಾರೆ. ಗಂಡನಿಗೂ ಹೇಳಲಾಗದೆ ಸಂಸಾರದಲ್ಲಿ ಬಿರುಕು ಮೂಡುತ್ತದೆ. ಉದ್ಯೋಗ ಖಾತರಿಯ ಹಾಜರಿ ಪಟ್ಟಿಯಲ್ಲಿ ಆಕೆಯ ಹೆಸರು ಇಲ್ಲದಿರುವುದು ನಮಗೆ ಕಾಣುತ್ತದೆ. ಏಕೆ ಇಲ್ಲ ಎಂಬುದು ಕಾಣುವುದಿಲ್ಲ.

ಕೊನೆಗೆ ಆಕೆ ಚಿಕಿತ್ಸೆಗೆ ಹೊರಟಾಗ, ಬಸ್ ನಿಲ್ದಾಣದ ಗೋಡೆಯ ಮೇಲೆ ಮೂಲವ್ಯಾಧಿಗೆ ಖಚಿತ ಪರಿಹಾರ ಎಂದು ಬರೆದಿರುವ ವಿಳಾಸಕ್ಕೆ ಹೋಗುತ್ತಾಳೆ. ಅಲ್ಲಿ ಪರೀಕ್ಷೆಯೂ ಇರುವುದಿಲ್ಲ, ಹೆರಿಗೆಯ ಚರಿತ್ರೆಯನ್ನು ಕೇಳುವವರೂ ಇರುವುದಿಲ್ಲ. ಹರಿದ ಸ್ನಾಯುವಿಗೆ ಮೂಲವ್ಯಾಧಿಯ ಮದ್ದು ಹಚ್ಚಿದರೆ ಹಣವೂ ಕಾಲವೂ ವ್ಯರ್ಥ.

ತವರಿಗೂ ಗಂಡನ ಮನೆಗೂ ನಡುವೆ

ಮೂರು ತಾಲ್ಲೂಕುಗಳ ಸದಸ್ಯರು ಒಂದೆಡೆ ಸೇರಿರುವುದರಿಂದ ಒಂದು ವಿಷಯವನ್ನು ವಿಶೇಷವಾಗಿ ಗಮನಕ್ಕೆ ತರಬಯಸುತ್ತೇನೆ. ಚೊಚ್ಚಲ ಹೆರಿಗೆಯಲ್ಲಿ ಹರಿತದ ಅಪಾಯ ಹೆಚ್ಚು. ನಮ್ಮಲ್ಲಿ ಚೊಚ್ಚಲ ಹೆರಿಗೆ ಸಾಮಾನ್ಯವಾಗಿ ತವರಿನಲ್ಲಿ ಆಗುತ್ತದೆ. ಅಜ್ಜಂಪುರ ತಾಲ್ಲೂಕಿಗೆ ಸೊಸೆಯಾಗಿ ಹೋದ ಕಡೂರಿನ ಮಗಳು ಹೆರಿಗೆಗೆ ಕಡೂರಿಗೆ ಬರುತ್ತಾಳೆ. ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಮನೆಗೆ ಬಂದು ನೋಡುವುದು ತವರಿನಲ್ಲಿ. ಮೂರು ಅಥವಾ ಐದು ತಿಂಗಳಾದ ಮೇಲೆ ತಾಯಿ ಮಗುವನ್ನು ಎತ್ತಿಕೊಂಡು ಗಂಡನ ಮನೆಗೆ ಮರಳುತ್ತಾಳೆ. ತವರಿನ ಆಶಾಗೆ ಗೊತ್ತಿದ್ದ ಸಂಗತಿ ಗಂಡನ ಮನೆಯ ಆಶಾಗೆ ಗೊತ್ತಿರುವುದಿಲ್ಲ. ಹೊಲಿಗೆ ಬಿಚ್ಚಿಕೊಂಡದ್ದು, ಸೋರಿಕೆ ಆರಂಭವಾದದ್ದು, ಆಸ್ಪತ್ರೆಗೆ ಮತ್ತೆ ಬರಲು ಹೇಳಿದ್ದು ಯಾವುದೂ ಆಕೆಯೊಂದಿಗೆ ಪ್ರಯಾಣ ಮಾಡುವುದಿಲ್ಲ. ಎರಡು ಪಂಚಾಯಿತಿಗಳ ನಡುವಿನ ಗಡಿಯಲ್ಲಿ ತಾಯಿಯ ತೊಂದರೆ ಕಳೆದುಹೋಗುತ್ತದೆ.

ಇದಕ್ಕೆ ಹೊಸ ಯೋಜನೆ ಬೇಕಿಲ್ಲ. ಆಸ್ಪತ್ರೆಯ ಬಿಡುಗಡೆ ಚೀಟಿಯನ್ನು ತಾಯಿ ಕಾರ್ಡಿನೊಂದಿಗೆ ಭದ್ರವಾಗಿಡುವಂತೆ ಪ್ರತಿ ಕುಟುಂಬಕ್ಕೂ ಹೇಳಬೇಕು. ಹರಿತವಾಗಿತ್ತೇ, ಯಾವ ಹಂತದ್ದು, ಎಂತಹ ಹೊಲಿಗೆ ಹಾಕಲಾಯಿತು ಎಂಬುದನ್ನು ಬಿಡುಗಡೆಯಾಗುವ ಮುನ್ನ ವೈದ್ಯರಿಂದ ಕೇಳಿ ತಿಳಿದು, ಚೀಟಿಯಲ್ಲಿ ಬರೆಸಿಕೊಳ್ಳುವುದು ತಾಯಿಯ ಹಕ್ಕು. ತಾಯಿ ಊರು ಬದಲಿಸುವಾಗ ತವರಿನ ಆಶಾ ಕಾರ್ಯಕರ್ತೆ, ತಾಯಿಯ ಒಪ್ಪಿಗೆ ಪಡೆದು, ಗಂಡನ ಮನೆಯ ಆಶಾಗೆ ಒಂದು ದೂರವಾಣಿ ಕರೆ ಮಾಡಲಿ. ಮುಂದಿನ ಬಸಿರಿನಲ್ಲಿಯೂ ಈ ಚೀಟಿ ಬಹಳ ಮುಖ್ಯ. ಹಿಂದಿನ ಹೆರಿಗೆಯಲ್ಲಿ ಮಲದ್ವಾರದ ಸ್ನಾಯು ಹರಿದಿದ್ದವರು ಅದನ್ನು ವೈದ್ಯರಿಗೆ ಮೊದಲೇ ತಿಳಿಸಿ, ಹೆರಿಗೆ ಎಲ್ಲಿ ಹೇಗೆ ಆಗಬೇಕೆಂದು ನಿರ್ಧರಿಸಿಕೊಳ್ಳಬೇಕು.

ಬಾಣಂತನದ ಪಥ್ಯ

ನಮ್ಮ ಬಾಣಂತನದ ಪದ್ಧತಿಯಲ್ಲಿ ಒಳ್ಳೆಯ ಅಂಶಗಳು ಹಲವಿವೆ. ವಿಶ್ರಾಂತಿ, ಬಿಸಿನೀರಿನ ಸ್ನಾನ, ಹೊತ್ತಿಗೆ ಸರಿಯಾದ ಬಿಸಿ ಊಟ, ಹಿರಿಯ ಹೆಂಗಸರ ಆಸರೆ, ಇವೆಲ್ಲ ತಾಯಿಗೆ ಬೇಕಾದವೇ. ಆದರೆ ನೀರು ಕುಡಿದರೆ ಹೊಟ್ಟೆ ದಪ್ಪವಾಗುತ್ತದೆ ಎಂದು ಲೋಟ ಲೆಕ್ಕದಲ್ಲಿ ನೀರು ಕೊಡುವುದು, ಸೊಪ್ಪು ತರಕಾರಿ ಹಣ್ಣು ತಿಂದರೆ ಮಗುವಿಗೆ ಶೀತವಾಗುತ್ತದೆ ಎಂದು ತಿಂಗಳುಗಟ್ಟಲೆ ಬರಿಯ ಅನ್ನ, ತುಪ್ಪ, ಮೆಣಸಿನ ಸಾರಿನಲ್ಲಿ ಇರಿಸುವುದು ಮಲವನ್ನು ಕಲ್ಲಾಗಿಸುತ್ತದೆ. ಹಾಲುಣಿಸುವ ತಾಯಿಗೆ ನೀರು ಹೆಚ್ಚು ಬೇಕು. ರಾಗಿ, ಹೆಸರುಕಾಳು, ಸೊಪ್ಪು, ಹಣ್ಣುಗಳ ನಾರು ಹೊಲಿಗೆ ಮಾಯುವ ಕಾಲದಲ್ಲಿ ಆಕೆಗೆ ಔಷಧದಷ್ಟೇ ಅಗತ್ಯ. ಬೆಚ್ಚಗಿನ ನೀರು, ಚೆನ್ನಾಗಿ ಬೇಯಿಸಿದ ಸೊಪ್ಪಿನ ಸಾರು ಎಂದರೆ ಅಜ್ಜಿಯರೂ ಒಪ್ಪುತ್ತಾರೆ. ಬೇಡವೆಂದು ವಾದಿಸುವುದಕ್ಕಿಂತ ಒಪ್ಪುವ ರೂಪದಲ್ಲಿ ಹೇಳುವುದು ಫಲಕಾರಿ. 2017ರ ಅಕ್ಟೋಬರ್ 2ರಂದು ರಾಜ್ಯದಾದ್ಯಂತ ಆರಂಭವಾದ ಮಾತೃಪೂರ್ಣ ಯೋಜನೆಯ ಉದ್ದೇಶವೂ ಗರ್ಭಿಣಿ ಮತ್ತು ಬಾಣಂತಿಯರಿಗೆ ಪೂರ್ಣ ಊಟ ದೊರಕಿಸುವುದೇ ಆಗಿದೆ.

ಮಲ ಇಳಿಯಲೆಂದು ಮತ್ತೆ ಮತ್ತೆ ಹರಳೆಣ್ಣೆ ಕುಡಿಸುವುದು, ಅಂಗಡಿಯಲ್ಲಿ ಸಿಕ್ಕಿದ ಭೇದಿಮಾತ್ರೆ ನುಂಗಿಸುವುದು ಸಲ್ಲದು. ಹಾಲುಣಿಸುತ್ತಿರುವಾಗ ಯಾವ ಔಷಧವನ್ನೂ ಕೇಳಿಯೇ ತೆಗೆದುಕೊಳ್ಳಬೇಕು.

ಪಂಚಾಯಿತಿ ಏನು ಮಾಡಬಹುದು

ಮೊದಲನೆಯದಾಗಿ, ಪ್ರಶ್ನೆ ಕೇಳುವ ವ್ಯವಸ್ಥೆ. 42ನೇ ದಿನದ ನಂತರವೂ ಮಗುವಿನ ಸಲುವಾಗಿ ಆಶಾ ಕಾರ್ಯಕರ್ತೆ 3, 6, 9, 12 ಮತ್ತು 15ನೇ ತಿಂಗಳಲ್ಲಿ ಮನೆಗೆ ಹೋಗುವ ಕಾರ್ಯಕ್ರಮವಿದೆ. ಆ ಭೇಟಿಗಳಲ್ಲಿ ತಾಯಿಯನ್ನು ಏಕಾಂತದಲ್ಲಿ ಕೇಳಲಿ. "ಏನವ್ವ, ಹೊರಕಡೆ ಸಲೀಸಾಗಿ ಆಗ್ತಿದೆಯಾ? ತಡ್ಕೊಳ್ಳೋಕೆ ಆಗದೆ ಬಟ್ಟೆ ಕೆಡೋದು ಏನಾದರೂ ಉಂಟಾ?" ಇಷ್ಟೇ ಸಾಕು. ಅತ್ತೆ, ಗಂಡ, ನೆರೆಯವರ ಎದುರು ಕೇಳಿದರೆ ನಿಜವಾದ ಉತ್ತರ ಬರುವುದಿಲ್ಲ.

ಎರಡನೆಯದಾಗಿ, ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯ ಕಾರ್ಯಸೂಚಿಯಲ್ಲಿ ಈ ವಿಷಯವನ್ನು ಸೇರಿಸಬೇಕು. ಸಮಿತಿಗೆ ವರ್ಷಕ್ಕೆ ₹10,000 ಮುಕ್ತ ನಿಧಿ ದೊರೆಯುತ್ತದೆ. ತೀರಾ ಬಡ ಕುಟುಂಬದ ಮಹಿಳೆಗೆ ಚಿಕಿತ್ಸೆಗೆ ಹೋಗಿಬರಲು ನೆರವಾಗುವುದಕ್ಕೂ ಅದನ್ನು ಬಳಸಲು ಅವಕಾಶವಿದೆ. ಮಲ ಸೋರುವ ತಾಯಿಗೆ ತುಂಬಿದ ಬಸ್ಸಿನಲ್ಲಿ ಚಿಕ್ಕಮಗಳೂರಿಗೋ ಶಿವಮೊಗ್ಗಕ್ಕೋ ಹೋಗೆಂದು ಹೇಳುವುದು ಹೋಗಬೇಡ ಎಂದಂತೆಯೇ.

ಮೂರನೆಯದಾಗಿ, ನೀರು ಮತ್ತು ಶೌಚಾಲಯ. ಇದು ನೇರವಾಗಿ ನಮ್ಮ ಕೆಲಸ. ಜಲ ಜೀವನ್ ಮಿಷನ್‌ನಲ್ಲಿ ಒಬ್ಬರಿಗೆ ದಿನಕ್ಕೆ 55 ಲೀಟರ್ ನೀರು ಎಂಬುದು ಮಾನದಂಡ. ದಿನಕ್ಕೆ ಹಲವು ಬಾರಿ ತೊಳೆದುಕೊಳ್ಳಬೇಕಾದ, ಬಟ್ಟೆ ಒಗೆಯಬೇಕಾದ ತಾಯಿಗೆ ಅದೂ ಸಾಲದು, ಬಯಲುಸೀಮೆಯ ಬೇಸಿಗೆಯಲ್ಲಂತೂ ಹೇಳಬೇಕಾಗಿಲ್ಲ. ನಲ್ಲಿ ನೀರು ಯಾವ ಮನೆಗೆ ತಲುಪುತ್ತಿಲ್ಲ ಎಂದು ನೋಡುವಾಗ ಬಾಣಂತಿ ಇರುವ ಮನೆಗೆ ಆದ್ಯತೆ ಇರಲಿ. ಸ್ವಚ್ಛ ಭಾರತ್ ಅಡಿಯಲ್ಲಿ ₹12,000 ಪ್ರೋತ್ಸಾಹಧನ ಪಡೆದು ಕಟ್ಟಿದ ಶೌಚಾಲಯದಲ್ಲಿ ಸೌದೆ ತುಂಬಿದ್ದರೆ ಅದು ಕಾಗದದ ಮೇಲಿನ ಶೌಚಾಲಯ. ಹೊಲಿಗೆಯ ನೋವಿರುವವರು ಕುಕ್ಕರುಗಾಲಿನಲ್ಲಿ ಕೂರಲು, ಏಳಲು ಗೋಡೆಗೆ ಒಂದು ಹಿಡಿಕೆ ಇದ್ದರೆ ದೊಡ್ಡ ಅನುಕೂಲ. ಅದರ ವೆಚ್ಚ ಅತ್ಯಲ್ಪ. ಸಂತೆಮಾಳ ಮತ್ತು ಬಸ್ ನಿಲ್ದಾಣದ ಮಹಿಳಾ ಶೌಚಾಲಯಕ್ಕೆ ಬೀಗ ಹಾಕಿಡದೆ, ನೀರು ಮತ್ತು ಚಿಲಕ ಇರುವಂತೆ ನೋಡಿಕೊಳ್ಳಬೇಕು.

ನಾಲ್ಕನೆಯದಾಗಿ, ದುಡಿಮೆಯ ಜಾಗ. ಉದ್ಯೋಗ ಖಾತರಿ ಕಾಮಗಾರಿಯ ಸ್ಥಳದಲ್ಲಿ ನೆರಳು, ಕುಡಿಯುವ ನೀರಿನ ಜೊತೆಗೆ ಮಹಿಳೆಯರಿಗೆ ಮರೆಯ ವ್ಯವಸ್ಥೆ ಮಾಡಬೇಕು. ಮಹಿಳೆಯೊಬ್ಬರು ಕೆಲಸಕ್ಕೆ ಬರುವುದನ್ನು ಇದ್ದಕ್ಕಿದ್ದಂತೆ ನಿಲ್ಲಿಸಿದರೆ ಕಾಯಕ ಬಂಧು ಅಥವಾ ಮಹಿಳಾ ಸದಸ್ಯರು ಸೌಜನ್ಯದಿಂದ ವಿಚಾರಿಸಲಿ.

ಐದನೆಯದಾಗಿ, ತಡೆಗಟ್ಟುವಿಕೆ. ಬಾಲ್ಯವಿವಾಹ ತಡೆದರೆ ಬೆಳೆಯದ ದೇಹಕ್ಕೆ ಬರುವ ಕಠಿಣ ಹೆರಿಗೆಯನ್ನೂ ತಡೆದಂತೆ. ನೋವಿನ ಹೊತ್ತಿನಲ್ಲಿ ಬೇಗ ಮಾಡಿಸಿ ಎಂದು ಸಿಬ್ಬಂದಿಯನ್ನು ಅವಸರಪಡಿಸುವುದು, ಹೊಟ್ಟೆ ಒತ್ತಿಸುವುದು ಅಪಾಯಕಾರಿ. ಮಗುವನ್ನು ಹೊರತಳ್ಳಲು ಹೊಟ್ಟೆ ಒತ್ತುವುದನ್ನೂ, ಅಗತ್ಯವಿರಲಿ ಇಲ್ಲದಿರಲಿ ಎಲ್ಲರಿಗೂ ಕೊಯ್ದು ಹೆರಿಗೆ ಮಾಡಿಸುವುದನ್ನೂ ವಿಶ್ವ ಆರೋಗ್ಯ ಸಂಸ್ಥೆ 2018ರ ಮಾರ್ಗಸೂಚಿಯಲ್ಲಿ ಬೇಡವೆಂದಿದೆ.

ಈ ಎಲ್ಲದರಲ್ಲೂ ಒಂದು ನಿಯಮವನ್ನು ಮೀರಬಾರದು. ಯಾವ ತಾಯಿಯ ಹೆಸರನ್ನೂ ಗ್ರಾಮ ಸಭೆಯಲ್ಲಿ ಹೇಳಬಾರದು, ನಡವಳಿ ಪುಸ್ತಕದಲ್ಲಿ ಬರೆಯಬಾರದು, ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಾಕಬಾರದು. ಸಭೆಗೆ ಬೇಕಾದದ್ದು ಸಂಖ್ಯೆ ಮಾತ್ರ. ಹೆಸರು ಆಶಾ ಕಾರ್ಯಕರ್ತೆ ಮತ್ತು ವೈದ್ಯರ ನಡುವೆ ಉಳಿಯಲಿ. ಒಮ್ಮೆ ಗುಟ್ಟು ಹೊರಬಿದ್ದರೆ ಆ ಊರಿನಲ್ಲಿ ಇನ್ನೊಬ್ಬ ತಾಯಿ ಬಾಯಿ ಬಿಡುವುದಿಲ್ಲ.

ಚಿಕಿತ್ಸೆಯ ದಾರಿ

ಮೊದಲು ಹತ್ತಿರದ ಆಯುಷ್ಮಾನ್ ಆರೋಗ್ಯ ಮಂದಿರ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರ, ಅಲ್ಲಿಂದ ತಾಲ್ಲೂಕು ಆಸ್ಪತ್ರೆಯ ಸ್ತ್ರೀರೋಗ ತಜ್ಞರು, ಅಗತ್ಯವಿದ್ದರೆ ಚಿಕ್ಕಮಗಳೂರಿನ ಜಿಲ್ಲಾ ಆಸ್ಪತ್ರೆ ಅಥವಾ ತರೀಕೆರೆ ಕಡೆಯವರಿಗೆ ಸಮೀಪದ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ. ಸಲಹೆಗೆ 104 ಸಹಾಯವಾಣಿ ಇದೆ. ಎಲ್ಲರಿಗೂ ಶಸ್ತ್ರಚಿಕಿತ್ಸೆ ಬೇಕಾಗುವುದಿಲ್ಲ. ಆಹಾರದ ಬದಲಾವಣೆ, ಮಲವನ್ನು ಹದವಾಗಿಡುವ ಔಷಧ, ಮಲ ಮೂತ್ರ ತಡೆಹಿಡಿಯುವ ಸ್ನಾಯುಗಳನ್ನು ಬಿಗಿಹಿಡಿದು ಬಿಡುವ ನಿತ್ಯದ ವ್ಯಾಯಾಮ, ಇಷ್ಟರಿಂದಲೇ ಅನೇಕರು ಸುಧಾರಿಸುತ್ತಾರೆ. ಶಸ್ತ್ರಚಿಕಿತ್ಸೆ ಬೇಕಾದರೆ ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ ₹5 ಲಕ್ಷದವರೆಗೆ ನೆರವಿದೆ. ಅದಕ್ಕೆ ಪಡಿತರ ಚೀಟಿ ಮತ್ತು ಆಧಾರ್ ಸರಿಯಾಗಿರಬೇಕು. ತವರಿನ ಚೀಟಿಯಿಂದ ಹೆಸರು ತೆಗೆದು ಗಂಡನ ಮನೆಯ ಚೀಟಿಗೆ ಸೇರಿಸದೆ ಉಳಿದ ಸೊಸೆಯಂದಿರು ಪ್ರತಿ ಊರಿನಲ್ಲೂ ಇದ್ದಾರೆ. ಅವರನ್ನು ಗುರುತಿಸಿ ಅರ್ಜಿ ಹಾಕಿಸುವುದು ಸದಸ್ಯರು ನಾಳೆಯೇ ಮಾಡಬಹುದಾದ ಕೆಲಸ.

ಮಲದಲ್ಲಿ ರಕ್ತ ಹೋಗುತ್ತಿದ್ದರೆ, ಕಾರಣವಿಲ್ಲದೆ ತೂಕ ಇಳಿಯುತ್ತಿದ್ದರೆ, ಯೋನಿಯ ಮೂಲಕ ಗಾಳಿ ಅಥವಾ ಮಲ ಬರುತ್ತಿದ್ದರೆ ಬಾಣಂತಿ ರೋಗವೆಂದು ಸುಮ್ಮನಿರದೆ ವೈದ್ಯರಿಗೆ ತೋರಿಸಲೇಬೇಕು. ಹೆರಿಗೆಯಾಗಿ ಹತ್ತು ವರ್ಷ ಕಳೆದಿದ್ದರೂ ತಡವಾಯಿತೆಂದು ಕೈಬಿಡಬೇಕಾಗಿಲ್ಲ.

ಮಾನ್ಯರೇ, ನಮ್ಮ ರಾಜ್ಯದ ಗ್ರಾಮ ಪಂಚಾಯಿತಿಗಳಲ್ಲಿ ಅರ್ಧದಷ್ಟು ಸ್ಥಾನಗಳು ಮಹಿಳೆಯರಿಗೆ ಮೀಸಲಾಗಿವೆ. ಸಂಕೋಚದ ಬಾಗಿಲನ್ನು ತೆರೆಯಬಲ್ಲವರು ಇದೇ ಸಭೆಯಲ್ಲಿ ಕುಳಿತಿದ್ದೀರಿ. ಮುಂದಿನ ಮಹಿಳಾ ಗ್ರಾಮ ಸಭೆಯಲ್ಲಿ ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿಯವರನ್ನು ಆಹ್ವಾನಿಸಿ, ಈ ವಿಷಯಕ್ಕಾಗಿ ಅರ್ಧ ಗಂಟೆ ಮೀಸಲಿಡಬೇಕೆಂದೂ, ಪುರುಷ ಸದಸ್ಯರು ತಮ್ಮ ವಾರ್ಡಿನ ನೀರು ಮತ್ತು ಶೌಚಾಲಯಗಳ ಸ್ಥಿತಿಯನ್ನು ಅಷ್ಟರೊಳಗೆ ಪರಿಶೀಲಿಸಿ ವರದಿ ತರಬೇಕೆಂದೂ ವಿನಂತಿಸುತ್ತೇನೆ. ತಾಯಿ ಮಗು ಕ್ಷೇಮ ಎಂದು ನಮ್ಮ ದಾಖಲೆಯಲ್ಲಿ ಬರೆಯುವ ಮಾತು ಮಗು ನಡೆಯಲು ಕಲಿತ ಮೇಲೂ ನಿಜವಾಗಿ ಉಳಿಯಬೇಕು.